ಎರಡು ಸೀರೆ ಅಗಲ

ಹಾರ್ನು, ಮತ್ತೆ ಹಾರ್ನು, ಬಸ್‌ಸ್ಟ್ಯಾಂಡಿನ ಕಡೆಯದಲ್ಲ, ನಮ್ಮ ಓಣಿಯ ಬಾಯಲ್ಲೇ, ಮೈನುದ್ದೀನನ ವ್ಯಾನು ಬಂತು, ಬಂದರೇನು, ಒಳಗೆ ಬರುವುದು ಹೇಗೆ, ನಿನ್ನೆಯೇ ಫೋನಿನಲ್ಲಿ ಕೇಳಿದ್ದ, ಓಣಿ ಎಷ್ಟ ಅಗಲ ಐತ್ರಿ ಯಕ್ಕಾ, ಬಾಗಲಾ ಮುಂದ ಗಾಡಿ ನಿಲ್ಲತೈತೇನ್ರಿ, ನಾನು ಅಳೆದು ಹೇಳಿದ್ದೆ, ಎರಡ ಸೀರಿ ಅಗಲ ಐತಿ ನೋಡಪಾ, ನಕ್ಕುಬಿಟ್ಟ, ನನ್ನ ಗಾಡಿ ಸೀರಿ ಉಡೂದಿಲ್ರಿ, ಫೂಟಿನಾಗ ಹೇಳ್ರಿ — ಹದಿನೆಂಟು ವರ್ಷ ಮಗ್ಗದ ಮುಂದೆ ಕೂತವಳಿಗೆ ಫೂಟು ಎಲ್ಲಿ ತೋಚಬೇಕು, ಆದರೂ ಎಲ್ಲ ಯೋಚಿಸಿಟ್ಟಿದ್ದೆ, ಮೂಲೆಯ ಕಟ್ಟೆ ತಪ್ಪಿಸಿ ಗಾಡಿ ಹಿಂದಕ್ಕೆ ಬರಬೇಕು, ನಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲಬೇಕು, ಮೊದಲು ಮಗ್ಗದ ಕಟ್ಟಿಗೆ, ಆಮೇಲೆ ಟ್ರಂಕು, ಪಾತ್ರೆ, ಸಂಜೆಯೊಳಗೆ ರೋಣದ ಬಾಡಿಗೆ ಮನೆ, ಇವರಿಗೆ ಅಲ್ಲಿ ಬಟ್ಟೆ ಅಂಗಡಿಯ ಕೆಲಸ, ಸಾಕಾಗಿದೆ ನನಗೆ, ಗಂಟು ಕಟ್ಟಿ ಕಟ್ಟಿ ಬೆರಳು ಬಿದ್ದುಹೋಗಿವೆ, ಮರೆತದ್ದು ಒಂದೇ, ಇವತ್ತು ಗೋಡೆಯಾಚೆಯ ನೆಗೆಣ್ಣಿ ಲಕ್ಷ್ಮೀ ಹಾಸು ಕಟ್ಟುತ್ತಾಳೆಂಬುದು. ಓಣಿಯ ಉದ್ದಕ್ಕೂ ನೂಲು, ಮೇಲೆ ಹಸಿ ಗಂಜಿ, ಆರುವ ತನಕ ಯಾರೂ ಎತ್ತುವುದಿಲ್ಲ, ದಾಟುವುದಿಲ್ಲ, ಮದುವೆಯ ದಿಬ್ಬಣವೂ ಸುತ್ತು ಹಾಕಿ ಹೋಗುತ್ತದೆ.

ನೀನ ಕೇಳ ಸಕ್ಕೂ, ನಿನ್ನ ನೆಗೆಣ್ಣಿ ಅಲ್ಲೇನು, ಎಂದು ವ್ಯಾನಿನ ಪಕ್ಕ ನಿಂತೇ ಕೂಗುತ್ತಾರೆ ನನ್ನ ಯಜಮಾನರು, ತಮ್ಮ ಅಣ್ಣನ ಹೆಂಡತಿಯನ್ನು ತಾವೇ ಕೇಳಲಾರದ ಗಂಡಸು, ನಾನಾದರೂ ಹೇಗೆ ಕೇಳಲಿ, ನಲ್ಲಿ ನೀರಿಗಾಗಿ ಜಗಳವಾಗಿ, ಮನೆ ಪಾಲಾಗಿ, ನಡುವೆ ಗೋಡೆ ಎದ್ದು ಎರಡು ವರ್ಷ, ಒಂದು ಮಾತಿಲ್ಲ, ಈಗ ಬಾಯಿ ಬಿಟ್ಟರೆ ಮೊದಲ ಮಾತು ಹಾಸು ಎತ್ತು ಎಂದೇ, ಎತ್ತಿದರೆ ಎಳೆಗೆ ಎಳೆ ಅಂಟಿ ಅವಳ ವಾರದ ದುಡಿಮೆ ಹಾಳು, ಎತ್ತದಿದ್ದರೆ — ರಸ್ತಾದ ಮ್ಯಾಲ ನಿಲ್ಲಾಕ ಬಿಡವಲ್ರು ಯಕ್ಕಾ, ಮೂರಕ್ಕ ನರಗುಂದದಾಗ ಇನ್ನೊಂದ ಲೋಡ್ ಐತ್ರಿ, ಲಗೂ ಎತ್ತಸ್ರಿ, ಇಲ್ಲಾ ನಾ ಹೊಂಟೆ, ಎನ್ನುತ್ತಾನೆ ಮೈನುದ್ದೀನ. ಹೋಗಲಿ ಎನ್ನಿಸುತ್ತದೆ, ಬಿಚ್ಚಿದ ಮಗ್ಗದ ಮೇಲೆ ಮಲಗಿಬಿಡಲೇ ಎನ್ನಿಸುತ್ತದೆ. ಲಕ್ಷ್ಮೀ ಆ ತುದಿಯಲ್ಲಿ ಒಬ್ಬಳೇ ಬಗ್ಗಿದ್ದಾಳೆ, ಕೂಲಿಗೆ ಬರುವ ಉಡಚವ್ವ ಇವತ್ತು ಬಂದಿಲ್ಲ, ಈ ಕೆಲಸ ಒಬ್ಬರದಲ್ಲ, ಎರಡೂ ತುದಿಯಿಂದ ಇಬ್ಬರು ಕುಂಚದಲ್ಲಿ ಗಂಜಿ ತಿಕ್ಕುತ್ತ ಬಂದು ನಡುವೆ ಸೇರಬೇಕು, ಇಲ್ಲದಿದ್ದರೆ ಅರ್ಧ ಹಾಸು ತಿಕ್ಕುವ ಮೊದಲೇ ಒಣಗುತ್ತದೆ, ಅವಳು ತಲೆ ಎತ್ತದೆ ಹೇಳುತ್ತಾಳೆ, ಗಂಜಿ ಆರಾಕತ್ತೈತಿ, ಯಾರಿಗೆ ಹೇಳಿದಳು, ಗೋಡೆಗೋ ನನಗೋ, ಈ ತುದಿಯಲ್ಲಿ, ನನ್ನ ಕಾಲ ಬಳಿ, ಗಂಜಿಯ ಬೋಗುಣಿ, ಅದರಲ್ಲಿ ಕುಂಚ, ಅದರ ಹಿಡಿಗೆ ಕೆಂಪು ಸೆರಗಿನ ಚೂರು, ನನ್ನದೇ ಸೆರಗು, ಈ ತುದಿ ನನ್ನದಾಗಿದ್ದ ಕಾಲಕ್ಕೆ ಕೈ ಜಾರದಿರಲೆಂದು ನಾನೇ ಸುತ್ತಿದ್ದು, ಎರಡು ವರ್ಷ ಉಡಚವ್ವ ಹಿಡಿದ ಕುಂಚ, ಬಿಚ್ಚಿ ಎಸೆಯಬಹುದಿತ್ತಲ್ಲ, ಬಿಚ್ಚಿಲ್ಲ, ಬರ್ತೀಯೋ ಇಲ್ಲೋ ಎನ್ನುತ್ತಿದ್ದಾರೆ ಇವರು, ಬಗ್ಗಿದ್ದೇನೆ, ಕೈಯಲ್ಲಿ ಕುಂಚ, ಬಿಚ್ಚಿಲ್ಲ ಅವಳು, ಗಂಜಿಯಲ್ಲಿ ನೆನೆದ ಕೆಂಪು ಚೂರು, ಕೆಂಪು ಚೂರು —