ಪೂವಪ್ಪ ಓದಿದ ಲೀಡ್ಸ್ ಪಂದ್ಯ

ಸುಂದರಿ ಬಾವಿಕಟ್ಟೆಯ ಬಳಿ ಕುಳಿತು ಗಂಜಿ ಪಾತ್ರೆಯ ತಳಕ್ಕೆ ಬೂದಿ ಹಾಕಿ ತಿಕ್ಕುತ್ತಿದ್ದಳು. ಮೊಣಕೈವರೆಗೆ ಮಸಿ. ಅಷ್ಟರಲ್ಲಿ ಪಕ್ಕದ ಮನೆಯ ಚೆನ್ನಪ್ಪನ ಕರು ಮುರಿದ ಬೇಲಿ ದಾಟಿ ಬಂದು ಬಸಳೆ ಚಪ್ಪರಕ್ಕೆ ಬಾಯಿ ಹಾಕಿತು.

“ಕಿನ್ನೀ, ಓಡು! ಆ ಕರುವನ್ನು ಅಟ್ಟು!”

ಒಂಬತ್ತು ವರ್ಷದ ಕಿನ್ನಿ ಜಗಲಿಯಲ್ಲಿ ಕುಳಿತು ಅಪ್ಪನಿಗೆ ಪೇಪರು ಓದಿ ಹೇಳುತ್ತಿದ್ದಳು. “ಒಂದೇ ಒಂದು ಬಾಕಿ ಉಂಟಮ್ಮ, ಕ್ರಿಕೆಟ್ಟಿನದ್ದು.”

“ಬಸಳೆ ಹೋದ ಮೇಲೆ ಎಂತ ಕ್ರಿಕೆಟ್ಟು? ಓಡು ಅಂದೆ!”

ಹುಡುಗಿ ಓಡಿದಳು. ಕರು ಗದ್ದೆಯವರೆಗೂ ಅವಳನ್ನು ಆಟ ಆಡಿಸಿತು. ಬೇಲಿಯ ಆಚೆಯಿಂದ ಚೆನ್ನಪ್ಪನ ಸ್ವರ ಕೇಳಿಸಿತು: “ಕರುವಿಗೆ ಎಂತ ಗೊತ್ತು ಸುಂದರಕ್ಕ? ಬೇಲಿ ಕಟ್ಟಲು ಗಂಡನಿಗೆ ಹೇಳಿ. ಓಹೋ, ಅವರು ಪೇಪರು ಓದುವ ದೊಡ್ಡ ಜನ ಅಲ್ಲವಾ, ಬೇಲಿಗೆ ಪುರುಸೊತ್ತು ಎಲ್ಲಿ!”

ಸುಂದರಿ ಪಾತ್ರೆಯನ್ನು ಇನ್ನಷ್ಟು ಜೋರಾಗಿ ತಿಕ್ಕಿದಳು. ಕಿನ್ನಿ ಏದುಸಿರು ಬಿಡುತ್ತ ಹಿಂದಿರುಗುವಷ್ಟರಲ್ಲಿ ಪೂವಪ್ಪ ಪೇಪರನ್ನು ಮಡಚಿ ಕಂಕುಳಲ್ಲಿಟ್ಟು ಬೀಡಿ ಕೊಟ್ಟಿಗೆಗೆ ಹೋಗಿ ಆಗಿತ್ತು.

ಕುಂಬಳೆಯ ರೈಲು ಸ್ಟೇಶನ್ನಿನ ಹಿಂದೆ ಇದ್ದ ಆ ಕೊಟ್ಟಿಗೆಯಲ್ಲಿ ಹದಿನಾಲ್ಕು ಜನ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಕೈಗೆ ಕೆಲಸ, ಕಿವಿಗೆ ಕೆಲಸವಿಲ್ಲ. ಆದ್ದರಿಂದ ಒಬ್ಬನು ಗಟ್ಟಿಯಾಗಿ ಪೇಪರು ಓದಬೇಕು, ಓದಿದವನ ಪಾಲಿನ ಬೀಡಿಯನ್ನು ಉಳಿದವರು ಒಂದೊಂದು ಹಿಡಿ ಕಟ್ಟಿ ಅವನ ಮೊರಕ್ಕೆ ಹಾಕಬೇಕು, ಇದು ಅಲ್ಲಿನ ಕಟ್ಟಳೆ. ಆರು ವರ್ಷಗಳಿಂದ ಓದುತ್ತಿದ್ದವನು ಪೂವಪ್ಪ. ಸಾವಿರದ ಒಂಬೈನೂರ ಐವತ್ತೆರಡರ ಆ ಚಳಿಗಾಲದಲ್ಲಿ ಮದ್ರಾಸಿನಲ್ಲಿ ನಮ್ಮವರು ಇಂಗ್ಲೆಂಡನ್ನು ಸೋಲಿಸಿದ ಸುದ್ದಿಯನ್ನು ಅವನು ಓದಿದಾಗ ಹದಿಮೂರು ಜನರೂ ಮೊರ ಕೆಳಗಿಟ್ಟು ಎದ್ದು ನಿಂತಿದ್ದರಂತೆ. ಕ್ರಿಕೆಟ್ಟಿನ ಚೆಂಡನ್ನು ಕಣ್ಣಿನಲ್ಲಿ ಕಂಡವನು ಅವರಲ್ಲಿ ಒಬ್ಬನೂ ಇರಲಿಲ್ಲ. ಈಗ ಜೂನ್‌ನಲ್ಲಿ ನಮ್ಮ ತಂಡ ಬಿಳಿಯರ ಊರಿಗೇ ಹೋಗಿ ಲೀಡ್ಸಿನಲ್ಲಿ ಆಡುತ್ತಿತ್ತು. ಅವರ ಅಂಗಳದಲ್ಲೇ ಅವರಿಗೆ ಹೊಡೆಯಬೇಕು ಎಂದು ಇಡೀ ಕೊಟ್ಟಿಗೆ ಹಲ್ಲು ಕಚ್ಚಿ ಕಾಯುತ್ತಿತ್ತು.

ಹೋದ ದೀಪಾವಳಿಯಿಂದ ಈಚೆಗೆ ಪೂವಪ್ಪ ಹೊಸದೊಂದು ಕ್ರಮ ಇಟ್ಟುಕೊಂಡಿದ್ದ. ಬೆಳಗಿನ ರೈಲಿನಲ್ಲಿ ಬಂದ ಪೇಪರನ್ನು ಮೊದಲು ಮನೆಗೆ ತಂದು ಮಗಳಿಂದ ಓದಿಸುತ್ತಿದ್ದ. “ಮಗಳ ಓದು ಗಟ್ಟಿಯಾಗಲಿ” ಎನ್ನುತ್ತಿದ್ದ. ಕಣ್ಣು ಮುಚ್ಚಿ, ಪಾಠ ಒಪ್ಪಿಸುವ ಹುಡುಗನಂತೆ ತುಟಿ ಅಲುಗಿಸುತ್ತ ಕೇಳುತ್ತಿದ್ದ. ಸುಂದರಿಗೆ ಅದನ್ನು ನೋಡುವುದೇ ಒಂದು ಹಿತ. ಈಚೆಗೆ ಅವನು ತೋಡಿನ ಮೇಲಿನ ಮರದ ಸಂಕ ದಾಟುವಾಗ ಮಗಳನ್ನು ಮುಂದೆ ಬಿಟ್ಟು ಅವಳ ಹೆಗಲು ಹಿಡಿಯುತ್ತಿದ್ದ. ಬೇಲಿ ಕಟ್ಟೋಣವೆಂದರೆ ನಾಳೆ ಎನ್ನುತ್ತಿದ್ದ. ಎಲ್ಲವನ್ನೂ ಸುಂದರಿ ಕಂಡಿದ್ದಳು. ಒಂದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಲು ಮಾತ್ರ ಹೋಗಿರಲಿಲ್ಲ.

ಮಧ್ಯಾಹ್ನ ಅವಳು ಬುತ್ತಿ ಹಿಡಿದು ಹೊರಟಳು. ಶಾಲೆಯ ಬಿಡುವಿನಲ್ಲಿ ಕಿನ್ನಿಯೂ ಜೊತೆಯಾದಳು. ಕೊಟ್ಟಿಗೆಯ ಮಾಡಿನಡಿ ಕೊಡೆ ಮಡಚುವಾಗ ಒಳಗಿನ ಮಾತು ಸ್ಪಷ್ಟವಾಗಿ ಕೇಳಿತು.

“ಊರಿನ ಸುದ್ದಿ ಸಾಕು ಮಾರಾಯ, ಲೀಡ್ಸ್ ಎಂತಾಯ್ತು ಹೇಳು.” ಇದು ಹಿರಿಯ ಕುಂಞಣ್ಣನ ಸ್ವರ.

“ಅದು... ಪೂರ್ತಿ ಬರಲಿಲ್ಲ.”

“ಬರಲಿಲ್ಲವಾ?” ಅಲ್ಲೇ ಬೀಡಿ ಕಟ್ಟುವ ಚೆನ್ನಪ್ಪನ ಸ್ವರ. “ಕ್ರಿಕೆಟ್ಟಿಲ್ಲದ ಪೇಪರು ಇವತ್ತು ಯಾರು ಅಚ್ಚು ಹಾಕ್ತಾರೆ? ನಿನ್ನ ಮೊರಕ್ಕೆ ಒಂದು ಹಿಡಿ ಹಾಕಿದ್ದೇನೆ. ಓದು.”

ಪೇಪರು ಮಗುಚುವ ಸದ್ದು. ಒಂದು ಕೆಮ್ಮು. ಆಮೇಲೆ ಪೂವಪ್ಪನ ಓದಿನ ಗಂಟಲು ಹೊರಟಿತು: “ಲೀಡ್ಸ್. ಎರಡನೆಯ ಸರದಿಯಲ್ಲಿ ಭಾರತದ ಆರಂಭ ಚೆನ್ನಾಗಿತ್ತು. ಎಂಬತ್ತು ರನ್ನಿಗೆ ಎರಡೇ ವಿಕೆಟ್.”

ಒಳಗೆ ಒಂದು ಕೇಕೆ ಎದ್ದಿತು. ಯಾರೋ ಮೊರ ಬಡಿದರು.

ಕಿನ್ನಿ ಅಮ್ಮನ ಸೆರಗು ಜಗ್ಗಿದಳು. “ಅಮ್ಮ, ನಾನು ಅದನ್ನು ಓದಿಯೇ ಇರಲಿಲ್ಲ. ಅಪ್ಪನಿಗೆ ಹೇಗೆ...”

“ಪೇಪರು ಅಪ್ಪನ ಕೈಯಲ್ಲೇ ಉಂಟಲ್ಲ ಮಗಾ.”

“ಉಂಟು. ಆದರೆ ಅಮ್ಮ, ಅಪ್ಪನಿಗೆ...”

“ಬುತ್ತಿ ತಣಿತದೆ. ಬಾ.” ಸುಂದರಿ ಅವಳ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಬೆಳಿಗ್ಗೆ ತಿಕ್ಕಿದ ಬೂದಿಯ ವಾಸನೆ ಆ ಕೈಯಲ್ಲಿ ಇನ್ನೂ ಇತ್ತು. ಒಳಗೆ ಹೋಗಿ ಬುತ್ತಿಯನ್ನು ಗಂಡನ ಎದುರಿಗೆ ಇಟ್ಟಳು. ಅವನು ಅವಳತ್ತ ನೋಡಿ ನಕ್ಕ. ಕೈ ಮಾತ್ರ ಬುತ್ತಿಯ ಒಂದು ಗೇಣು ಪಕ್ಕಕ್ಕೆ ಹೋಗಿ, ನೆಲ ತಡವಿ, ಆಮೇಲೆ ಹಿಡಿಯಿತು. ಬೀಡಿ ಕಟ್ಟುವ ಕೈ ಅದು. ಎಲೆ, ಪುಡಿ, ನೂಲು ಎಲ್ಲವೂ ಬೆರಳಿಗೇ ಗೊತ್ತು, ನೋಡಬೇಕೆಂದಿಲ್ಲ.

ಸಂಜೆ ಕೊಟ್ಟಿಗೆ ಬಿಟ್ಟ ಮೇಲೆ ಚಹದಂಗಡಿಯಲ್ಲಿ ಶಾಲೆಯ ಮೇಷ್ಟ್ರ ಕೈಯಲ್ಲಿ ಅದೇ ಪೇಪರು ಇತ್ತಂತೆ. ಬೀಡಿಯವರು ಎಂಬತ್ತಕ್ಕೆ ಎರಡು ಎಂದು ಕೊಚ್ಚಿಕೊಂಡದ್ದಕ್ಕೆ ಮೇಷ್ಟ್ರು ನಕ್ಕು ಓದಿ ಹೇಳಿದರು: ಒಂದೇ ಒಂದು ರನ್ನು ಆಗುವ ಮೊದಲೇ ನಮ್ಮ ನಾಲ್ಕು ಜನ ಔಟು. ಸೊನ್ನೆಗೆ ನಾಲ್ಕು. ಯಾರೂ ಹಾಗೆ ಊಹಿಸಿ ಹೇಳಲಾರರು, ಹೇಳಿದರೂ ನಂಬುವವರಿಲ್ಲ. ಚಹದಂಗಡಿಯವರೆಲ್ಲ ಬೀಡಿಯವರನ್ನು ಕಂಡು ಹೊಟ್ಟೆ ಹಿಡಿದು ನಕ್ಕರು. ಆ ರಾತ್ರಿ ಪೂವಪ್ಪ ಉಣ್ಣದೆ ಗೋಡೆಗೆ ಮುಖ ಮಾಡಿ ಮಲಗಿದ.

ಮರುದಿನ ಬೆಳಿಗ್ಗೆ ಅಂಗಳಕ್ಕೆ ಕರು ಬರಲಿಲ್ಲ, ಜನ ಬಂದರು. ಚೆನ್ನಪ್ಪ ಮುಂದೆ, ಕುಂಞಣ್ಣ ಹಿಂದೆ, ಮತ್ತೆ ಆರೇಳು ಮಂದಿ. ಯಾರೂ ಚಪ್ಪಲಿ ಬಿಡಲಿಲ್ಲ, ಕುಳಿತುಕೊಳ್ಳಿ ಎಂದರೆ ಕುಳಿತುಕೊಳ್ಳಲಿಲ್ಲ.

“ನಮ್ಮನ್ನು ಮಂಗ ಮಾಡಿದೆಯಲ್ಲ ಪೂವಪ್ಪ,” ಎಂದ ಚೆನ್ನಪ್ಪ. “ಆರು ವರ್ಷ ನಿನ್ನ ಬೀಡಿ ನಾವು ಕಟ್ಟಿದ್ದು ಇದಕ್ಕಾ?”

ಪೂವಪ್ಪ ಜಗಲಿಯ ಕಂಬ ಹಿಡಿದು ನಿಂತಿದ್ದ. “ಬೇಕೆಂದೇ ಹೇಳಿದ್ದು,” ಎಂದ. “ಓದಲು ನಾಚಿಕೆಯಾಯ್ತು. ಬಿಳಿಯರ ಎದುರು ಸೊನ್ನೆಗೆ ನಾಲ್ಕು ಅಂತ ಯಾವ ಬಾಯಲ್ಲಿ ಓದುವುದು?”

ಸುಂದರಿ ಗಂಡನ ಮುಖ ನೋಡಿದಳು. ಸುಳ್ಳುಗಾರ ಎನ್ನಿಸಿಕೊಂಡರೂ ಸರಿ ಎಂದು ಈ ಮನುಷ್ಯ ತೀರ್ಮಾನ ಮಾಡಿಯೇ ನಿಂತಿದ್ದ.

“ನಾಚಿಕೆಯಂತೆ!” ಎಂದ ಚೆನ್ನಪ್ಪ. “ಹಾಗಾದರೆ ಹೋದ ತಿಂಗಳು ಓದಿದ ಕೂಲಿಯ ಸುದ್ದಿ? ಯೂನಿಯನಿನ ಸುದ್ದಿ? ಅದರಲ್ಲಿ ಎಷ್ಟು ನಿನ್ನ ತಲೆಯಿಂದ ಬಂದದ್ದು?”

“ಅದೆಲ್ಲ ಸತ್ಯ. ದೇವರಾಣೆ.”

“ಸುಳ್ಳನ ಬಾಯಲ್ಲಿ ದೇವರು ಬೇರೆ ಕೇಡು.” ಗುಂಪಿನಲ್ಲಿ ಯಾರೋ ಕ್ಯಾಕರಿಸಿ ಉಗುಳಿದರು. ಉಗುಳು ತುಳಸಿಕಟ್ಟೆಯ ಬುಡದಲ್ಲಿ ಬಿತ್ತು.

“ಗಂಜಿ ಕುಡಿದು ಮಾತಾಡಿ ಅಣ್ಣಾ,” ಎಂದಳು ಸುಂದರಿ. ಅವಳ ಸ್ವರ ಅವಳಿಗೇ ಸಣ್ಣದಾಗಿ ಕೇಳಿತು.

“ನೀವು ಸುಮ್ಮನಿರಿ ಸುಂದರಕ್ಕ. ನಿಮ್ಮ ಗಂಜಿ ನಾವು ಕಟ್ಟಿದ ಬೀಡಿಯದ್ದೇ.”

ಕುಂಞಣ್ಣ ಕೈಯೆತ್ತಿದ. ಅವನ ಮುಖದಲ್ಲೂ ಸಿಟ್ಟಿತ್ತು, ಆದರೆ ಮುದುಕನಾಗಿದ್ದ. “ಸಾಕು. ಪೂವಪ್ಪ, ಇದು ನಿನ್ನೆಯದ್ದೇ ಪೇಪರು. ಅದೇ ಲೀಡ್ಸಿನ ಸುದ್ದಿ, ಇದ್ದ ಹಾಗೆ, ನಮ್ಮೆಲ್ಲರ ಎದುರು ಒಂದು ಸಲ ಓದು. ನಾಳೆಯಿಂದ ಮತ್ತೆ ನೀನೇ ಓದುವವನು. ಓದದಿದ್ದರೆ ಆ ಕೊಟ್ಟಿಗೆಗೆ ಕಾಲಿಡಬೇಡ. ಸುಳ್ಳು ಹೇಳುವವನ ಪಕ್ಕ ಕುಳಿತು ಬೀಡಿ ಕಟ್ಟುವುದು ನಮ್ಮಿಂದ ಆಗುವುದಿಲ್ಲ.”

ಪೇಪರು ಪೂವಪ್ಪನ ಕೈಗೆ ಬಂತು. ಅವನು ಅದನ್ನು ಬಿಡಿಸಿದ, ಹತ್ತಿರ ತಂದ, ದೂರ ಹಿಡಿದ. ಕಿನ್ನಿ ಮೆಲ್ಲಗೆ ಅಪ್ಪನ ಬಳಿ ಸರಿದು, ಕಿವಿಯಲ್ಲಿ ಹೇಳಲೆಂದು ತುದಿಗಾಲಿನಲ್ಲಿ ನಿಂತಳು.

“ಏ ಹೆಣ್ಣೇ, ಈಚೆ ಬಾ!” ಚೆನ್ನಪ್ಪ ಗದರಿದ. “ಅವನಿಗೇ ಬಾಯಿ ಉಂಟು.”

ಕಿನ್ನಿ ಹಿಂದೆ ಸರಿಯಲಿಲ್ಲ. ಪೂವಪ್ಪ ಗಂಟಲು ಸರಿಮಾಡಿಕೊಂಡು ತೋರುಬೆರಳನ್ನು ಕಾಗದದ ಮೇಲೆ ಇಟ್ಟ. “ಲೀಡ್ಸ್...” ಎಂದ. ಬೆರಳು ಎಡದಿಂದ ಬಲಕ್ಕೆ ನಿಧಾನವಾಗಿ ಸಾಗಿತು, ಅಕ್ಷರ ಕೂಡಿಸಿ ಓದುವವರ ಬೆರಳಿನಂತೆ. ಆ ಬೆರಳು ಸಾಗುತ್ತಿದ್ದ ಜಾಗದಲ್ಲಿ ಕ್ರಿಕೆಟ್ ಇರಲಿಲ್ಲ, ಒಂದೇ ಒಂದು ಅಕ್ಷರವೂ ಇರಲಿಲ್ಲ. ತಲೆಗೂದಲಿನ ಎಣ್ಣೆಯ ಜಾಹೀರಾತಿನ ಹೆಂಗಸೊಬ್ಬಳು ಕೂದಲು ಇಳಿಬಿಟ್ಟು ನಿಂತಿದ್ದಳು, ಅವಳ ಕೂದಲಿನ ಮೇಲೆ ಬೆರಳು ಸಾಲು ಸಾಲಾಗಿ ಇಳಿಯುತ್ತಿತ್ತು.

ಸುಂದರಿ ಕಂಡಳು. ಮಗಳು ಕಂಡದ್ದನ್ನೂ ಕಂಡಳು. ಹಿಂದಿನ ದಿನದಂತೆ ಅವಳ ಕೈ ಮಗಳ ಬಾಯಿಯತ್ತ ಎದ್ದಿತು. ಅರ್ಧ ದಾರಿಯಲ್ಲಿ ನಿಂತಿತು. ಆ ಕೈಯನ್ನು ಅವಳು ತಾನೇ ಕೆಳಗಿಳಿಸಿದಳು.

ಅಂಗಳದಲ್ಲಿ ನಿಂತಿದ್ದ ಅಷ್ಟೂ ಜನರಿಗೆ ಕೇಳುವಂತೆ ಕಿನ್ನಿ ಕೇಳಿದಳು:

“ಅಪ್ಪಾ, ನಿಮಗೆ ಕಣ್ಣು ಕಾಣುವುದಿಲ್ಲವಾ?”