ಮೂವತ್ತನಾಲ್ಕು ಇಂಚಿನ ಗಂಡ

ತುಲಾಭಾರದ ತಕ್ಕಡಿಯಲ್ಲಿ ಕೂತವರು ಪೂಜೆ ಮುಗಿಯುವ ತನಕ ಇಳಿಯುವ ಹಾಗಿಲ್ಲ. ಅದೊಂದು ಕಟ್ಟುಪಾಡು ಇಲ್ಲದಿದ್ದರೆ ವಾಣಿ ಆವತ್ತು ತನ್ನೂರು ನಂಜನಗೂಡಿನ ದೇವಸ್ಥಾನದಲ್ಲಿ ಎದ್ದು ಮನೆಗೆ ಹೊರಟೇಬಿಡುತ್ತಿದ್ದಳು.

ಅವಳಿಗೆ ಗರ್ಭಕೋಶದ ಆಪರೇಷನ್ ಆಗಿ ಆರು ತಿಂಗಳಾಗಿತ್ತು. ಅತ್ತಿಗೆ ಎದ್ದು ಓಡಾಡುವ ಹಾಗಾದರೆ ಅವಳ ತೂಕದಷ್ಟು ಬೆಲ್ಲ ಕೊಡುತ್ತೇನೆ ಎಂದು ನಾದಿನಿ ವಿಶಾಲಮ್ಮ ಹರಕೆ ಹೊತ್ತಿದ್ದಳು. ಅದನ್ನು ತೀರಿಸಲು ಹೆಮ್ಮಿಗೆಯಿಂದ ನಂಟರಿಷ್ಟರನ್ನೆಲ್ಲ ಟೆಂಪೋದಲ್ಲಿ ತುಂಬಿಕೊಂಡು ಬಂದಿದ್ದಳು. ಎಷ್ಟು ಬೆಲ್ಲ ಬೇಕಾದೀತು ಎಂದು ಮೊದಲೇ ಅಣ್ಣನನ್ನು ಕೇಳಿದ್ದಕ್ಕೆ ಮಹಾದೇವಸ್ವಾಮಿ, "ಅರವತ್ ಕೇಜಿ ಸಾಕು ಬುಡು" ಅಂದಿದ್ದ. ಹೆಂಡತಿಯನ್ನು ಸರಿಯಾಗಿ ನೋಡಿ ಎಷ್ಟು ವರ್ಷವಾಗಿತ್ತೋ ಪುಣ್ಯಾತ್ಮ.

ಅರವತ್ತು ಕೇಜಿ ಏರಿಸಿದರೂ ವಾಣಿ ಕೂತ ತಟ್ಟೆ ಅಲ್ಲಾಡಲಿಲ್ಲ. ಯಾರೋ ಓಡಿಹೋಗಿ ಅಂಗಡಿಯಿಂದ ಇನ್ನು ಹತ್ತು ಕೇಜಿ ತಂದರು. ಅದೂ ಸಾಲಲಿಲ್ಲ. ಆಗ ಮಹಾದೇವಸ್ವಾಮಿ ಸೊಂಟದ ಮೇಲೆ ಕೈಯಿಟ್ಟು ದೊಡ್ಡ ದನಿ ತೆಗೆದ.

"ಅಂಗ್ಡಿ ಬೆಲ್ಲ ಎಲ್ಲೀ ಸಾಕಾದದು? ಆಲೆಮನೆಗೇ ಫೋನ್ ಮಾಡ್ರಪ್ಪಾ, ಲಾರಿ ಕಳುಸ್ಲಿ!"

ಟೆಂಪೋದಲ್ಲಿ ಬಂದಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಕ್ಕ ಮೇಲೆ ಅವನಿಗೆ ಹುರುಪು ಏರಿತು. "ಬೆಳಗಿಂದ ಸಂದೆಗಂಟ ಮಿಷನ್ ಮುಂದೆ ಕುಂತಿದ್ರೆ ಇನ್ನೇನಾದದು? ನನ್ ನೋಡಿ. ಮದ್ವೇಲಿ ಪ್ಯಾಂಟು ಮೂವತ್ನಾಲ್ಕು. ಐವತ್ಮೂರು ತುಂಬುದ್ರೂ ಮೂವತ್ನಾಲ್ಕೇಯ!"

ವಿಶಾಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಕಾಲು ಮಡಚಿ, ಕೈ ಮುಗಿದು, ಬೆಲ್ಲದ ಎದುರು ತಟ್ಟೆಯಲ್ಲಿ ಕೂತಿದ್ದ ವಾಣಿಯ ಮುಖಕ್ಕೆ ರಕ್ತ ನುಗ್ಗಿತು. ಇನ್ನೂ ಎಂಟು ಕೇಜಿ ಬಂದು ತಟ್ಟೆ ಮೇಲೇಳುವ ಹೊತ್ತಿಗೆ ಅವಳು ದೇವರನ್ನು ಮರೆತೇಬಿಟ್ಟಿದ್ದಳು. ಇದೇ ಜನರೆದುರು ಈ ಮನುಷ್ಯನ ಸೊಕ್ಕು ಇಳಿಸದಿದ್ದರೆ ನಾನು ನಾನಲ್ಲ ಅಂದುಕೊಂಡಳು.

ಅವಳು ಕೂತದ್ದೇನೋ ನಿಜ. ಇಪ್ಪತ್ತೆರಡು ವರ್ಷ ಕೂತಳು. ಬೀದಿಯ ಹೆಂಗಸರ ರವಿಕೆ, ಮಕ್ಕಳ ಯೂನಿಫಾರ್ಮು, ಸೀರೆಯ ಫಾಲ್ಸು, ಎಲ್ಲವನ್ನೂ ಕೂತೇ ಹೊಲಿದಳು. ಮಗಳ ನರ್ಸಿಂಗ್ ಓದು ಮುಗಿದದ್ದು, ಮನೆಗೆ ಆರ್‌ಸಿಸಿ ತಾರಸಿ ಬಂದದ್ದು ಅವಳು ಕೂತದ್ದರಿಂದ. ಮಹಾದೇವಸ್ವಾಮಿಯೇನು ನಿಂತಿದ್ದನೆ? ಬೆಳಿಗ್ಗೆ ಬಸ್ಸಿನಲ್ಲಿ ಕೂತು ಟಿ. ನರಸೀಪುರಕ್ಕೆ ಹೋಗುವುದು, ಅಲ್ಲಿ ಜಮೀನಿನ ಕಾಗದಪತ್ರ ಬರೆದುಕೊಡುತ್ತ ಸಂಜೆಯವರೆಗೆ ಕುರ್ಚಿ ಬಿಸಿ ಮಾಡುವುದು, ಮತ್ತೆ ಬಸ್ಸಿನಲ್ಲಿ ಕೂತು ಬಂದು ಟಿವಿ ಮುಂದೆ ಕೂರುವುದು. ನೀರಿನ ಲೋಟವೂ ಅವನು ಕೂತಲ್ಲಿಗೇ ಬರಬೇಕು. ಆದರೂ ಕೂತು ಕೆಟ್ಟವಳು ಇವಳಂತೆ.

ಇನ್ನು ಆ ಮೂವತ್ತನಾಲ್ಕರ ಸಂಗತಿ. ಅದರ ಗುಟ್ಟು ಈ ಭೂಮಿಯ ಮೇಲೆ ವಾಣಿಯೊಬ್ಬಳಿಗೇ ಗೊತ್ತಿತ್ತು.

ಹದಿನೈದು ವರ್ಷದ ಹಿಂದೆ ಒಂದು ಬೆಳಿಗ್ಗೆ ಪ್ಯಾಂಟಿನ ಹುಕ್ಕು ಕೂಡದೆ ಅವನು ಮುಖ ಸಣ್ಣಗೆ ಮಾಡಿಕೊಂಡಿದ್ದ. ತಿಂಡಿ ಮುಟ್ಟದೆ ಹೋಗಿದ್ದ. ಅವಳಿಗೆ ಕರುಳು ಚುರುಕ್ ಅಂದಿತ್ತು. ಹಿಂದಿನ ಹೊಲಿಗೆ ಬಿಚ್ಚಿ, ಒಳಗೆ ಮಡಚಿದ್ದ ಬಟ್ಟೆಯಲ್ಲಿ ಅರ್ಧ ಇಂಚು ಬಿಟ್ಟು ಹೊಲಿದು, ಇಸ್ತ್ರಿ ಮಾಡಿ ನೇತುಹಾಕಿದ್ದಳು. ಮರುದಿನ ಹುಕ್ಕು ಕೂಡಿತು. "ನೋಡ್ದಾ, ಒಂದ್ ರಾತ್ರಿ ಮುದ್ದೆ ಬುಟ್ಟೆ, ಇಳ್ದೋಯ್ತು" ಎಂದು ಅವನು ಮೀಸೆ ತಿರುವಿದ್ದ. ಅವಳು ನಕ್ಕು ಸುಮ್ಮನಾಗಿದ್ದಳು. ಅಲ್ಲಿಂದ ಶುರುವಾದದ್ದು ನಿಲ್ಲಲೇ ಇಲ್ಲ. ಹಳೆಯದರಲ್ಲಿ ಬಿಡಲು ಬಟ್ಟೆ ಉಳಿಯದಾದ ಮೇಲೆ ಪ್ರತಿ ಯುಗಾದಿಗೆ ಅವನಿಗೆ ಎರಡು ಹೊಸ ಪ್ಯಾಂಟು ಹೊಲಿಯುತ್ತಿದ್ದಳು. ಕತ್ತರಿಸುವುದು ಮೂವತ್ತೇಳಕ್ಕೆ, ಮೂವತ್ತೊಂಬತ್ತಕ್ಕೆ, ಕೊನೆಕೊನೆಗೆ ನಲವತ್ತೆರಡಕ್ಕೆ. ಸೊಂಟಪಟ್ಟಿಯ ಒಳಗೆ ಬಟ್ಟೆಯ ಚೀಟಿಯಲ್ಲಿ ಹೊಲಿಯುವುದು ಮಾತ್ರ 34. ರೆಡಿಮೇಡ್ ಅಂಗಡಿಯ ಮೆಟ್ಟಿಲು ಹತ್ತದ, ಮೈಗೆ ಟೇಪು ಹಿಡಿಸಿಕೊಳ್ಳದ ಗಂಡಸು ಅದನ್ನೇ ನಂಬಿಕೊಂಡು ಊರೆಲ್ಲ ಹೇಳುತ್ತಿದ್ದ.

ತುಲಾಭಾರ ಮುಗಿದು ಮನೆಗೆ ಬಂದ ದಿನವೇ ವಾಣಿ ಅವನ ನಾಲ್ಕು ಪ್ಯಾಂಟನ್ನೂ ಮಿಷನ್ ಮೇಲೆ ಹಾಕಿಕೊಂಡಳು. ನಾಲ್ಕನ್ನೂ ಕಾಲು ಇಂಚು ಬಿಗಿ ಮಾಡಿದಳು. ಮುಂದಿನ ವಾರ ಒಗೆದ ಮೇಲೆ ಇನ್ನೊಂದು ಕಾಲು ಇಂಚು. ಅದರ ಮುಂದಿನ ವಾರ ಇನ್ನೊಂದು.

ಅವಳು ನಡೆಯಲು ಶುರುಮಾಡಿದ್ದೂ ಆಗಲೇ. ಅರ್ಧ ಗಂಟೆಗೊಮ್ಮೆ ಮಿಷನ್ ಬಿಟ್ಟು ಏಳಿ, ದಿನಾ ನಡೆಯಿರಿ ಎಂದು ಆಪರೇಷನ್ ಮಾಡಿದ ಡಾಕ್ಟರು ಹೇಳಿದ್ದನ್ನು ಆರು ತಿಂಗಳು ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಬೆಳಕು ಹರಿಯುತ್ತಲೇ ಕಪಿಲಾ ನದಿಯ ದಂಡೆಗೆ ಹೋಗುತ್ತಿದ್ದಳು. ಆರೋಗ್ಯದ ಆಸೆಗಲ್ಲ. ಮನೆಯಲ್ಲಿ ಗಂಡನ ಗೊರಕೆ ಕೇಳುತ್ತ ಕೂತರೆ ಹೊಟ್ಟೆ ಉರಿಯುತ್ತಿತ್ತು. ನಡೆದರೆ ಉರಿ ಕಾಲಿಗಿಳಿಯುತ್ತಿತ್ತು. ಮೊದಲ ವಾರ ಏದುಸಿರು ಬಂತು. ಎರಡು ತಿಂಗಳಾಗುವಾಗ ನದಿಗಿಳಿಯುವ ಸೋಪಾನಕಟ್ಟೆಯ ಮೆಟ್ಟಿಲನ್ನು ಎಲ್ಲೂ ನಿಲ್ಲದೆ ಹತ್ತುತ್ತಿದ್ದಳು, ಅವಳ ರವಿಕೆಗಳು ಸಡಿಲವಾಗಿದ್ದವು.

ಮಹಾದೇವಸ್ವಾಮಿ ಮೊದಲು ಸೋಪಿನ ಪುಡಿಯನ್ನು ಬೈದ. ಆಮೇಲೆ ಬಟ್ಟೆಯ ಅಂಗಡಿಯವನನ್ನು ಬೈದ. ಮೂರನೆಯ ವಾರ ರಾತ್ರಿಯ ಅನ್ನ ಬಿಟ್ಟ. ಅನ್ನ ಬಿಟ್ಟರೂ ಪ್ಯಾಂಟು ಬಿಗಿಯಾಗುವುದು ನಿಲ್ಲದಾಗ ಅವನ ಮುಖದ ಕಳೆ ಇಳಿಯಿತು. ಮೊಬೈಲಿನಲ್ಲಿ ಏನೇನೋ ನೋಡಿ ಲಿವರು, ಗಡ್ಡೆ, ನೀರು ತುಂಬುವುದು ಎಂದು ಗೊಣಗತೊಡಗಿದ. ಬಸ್ಸಿನಲ್ಲಿ ಹುಕ್ಕು ಬಿಚ್ಚಿ ಶರ್ಟನ್ನು ಹೊರಗೆ ಬಿಟ್ಟುಕೊಂಡು ಕೂರುತ್ತಿದ್ದ.

"ವಾಣಿ, ದಿಟ ಯೋಳು. ನಾನೇನಾರ ಊದ್ಕಂಡಿದ್ದನಾ?" ಎಂದು ಒಂದು ಸಂಜೆ ದೀನನಾಗಿ ಕೇಳಿದ.

"ಇಲ್ವಲ್ರೀ. ಅದೇ ಮೂವತ್ನಾಲ್ಕು. ಚೀಟಿ ನೋಡ್ಕಳಿ ಬೇಕಾದ್ರೆ."

ಅವನು ಚೀಟಿ ನೋಡಿ ಇನ್ನಷ್ಟು ಹೆದರಿದ. ವಾಣಿ ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನಿಂತು, ಮನಸಾರೆ ನಕ್ಕಳು. ಪಾಪ ಅನ್ನಿಸಲಿಲ್ಲವೇ ಎಂದರೆ, ಇಲ್ಲ. ಒಂದು ಚೂರೂ ಅನ್ನಿಸಲಿಲ್ಲ.

ಎಂಟನೆಯ ವಾರ ಅವನು ಯಾರಿಗೂ ಹೇಳದೆ ಡಾಕ್ಟರ ಹತ್ತಿರ ಹೋಗಿ ರಕ್ತ ಕೊಟ್ಟು, ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದ. ಬಂದವನೇ ಮಂಚದ ಮೇಲೆ ಕೂತು ತಂಗಿಗೆ ಫೋನ್ ಮಾಡಿ ಅತ್ತ. ಭಾನುವಾರ ವಿಶಾಲಮ್ಮ ಹೆಮ್ಮಿಗೆಯಿಂದ ಮತ್ತೆ ಟೆಂಪೋ ತುಂಬಿಕೊಂಡು ಬಂದಳು. ತಕ್ಕಡಿಯ ಸುತ್ತ ನಿಂತು ನಕ್ಕಿದ್ದ ಅಷ್ಟೂ ಜನ ಈಗ ವಾಣಿಯ ನಡುಮನೆಯಲ್ಲಿ ಕಾಫಿ ಲೋಟ ಹಿಡಿದು, ಮುಖ ಇಳಿಸಿ ಕೂತಿದ್ದರು. ಇಂಥ ದಿನ ಇಷ್ಟು ಬೇಗ ಬರುತ್ತದೆಂದು ಅವಳೂ ಎಣಿಸಿರಲಿಲ್ಲ.

"ಡಾಕ್ಟ್ರು ಏನಂದ್ರಣ್ಣ?" ವಿಶಾಲಮ್ಮ ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

"ಅವ್ರಿಗೇನ್ ಗೊತ್ತು! ಗಡ್ಡೆ ಇಲ್ವಂತೆ, ನೀರಿಲ್ವಂತೆ. ಬರೀ ಕೊಬ್ಬಂತೆ. ಕುಂತು ಕುಂತು ವರ್ಸಾನುಗಟ್ಲೆಯಿಂದ ಬೆಳ್ದದ್ದಂತೆ. ಸಕ್ರೆ ಕಾಯ್ಲೆನೂ ಅದಂತೆ, ಇನ್ನೂರೆಪ್ಪತ್ತು. ಎಲ್ಡು ತಿಂಗ್ಳಿಂದೆ ಮೂವತ್ನಾಲ್ಕಿದ್ದೆ ಕಣವ್ವಾ, ನೀನೇ ಕೇಳುಸ್ಕಂಡಿದ್ದೀಯ. ಇದ್ಯಾವ್ದೋ ಕೆಟ್ ರೋಗ."

ವಿಶಾಲಮ್ಮ ಇನ್ನೊಂದು ಹರಕೆ ಹೊರಲು ಕೈ ಎತ್ತಿದಳು. ಅಷ್ಟರಲ್ಲಿ ವಾಣಿ ಒಳಗಿನಿಂದ ಬಂದು ಒಂದು ರಾಶಿ ಪ್ಯಾಂಟುಗಳನ್ನು ಚಾಪೆಯ ಮೇಲೆ ಹಾಕಿದಳು. ಒಂದು ಹಳೆಯ ಪ್ಯಾಂಟಿನ ಒಳಮೈ ಹೊರಗೆ ಮಾಡಿ ನಾದಿನಿಯ ಮಡಿಲಿಗಿಟ್ಟಳು. ಟೆರಿಕಾಟ್ ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿದರೂ ಸೂಜಿ ಚುಚ್ಚಿದ ತೂತು ಹೋಗುವುದಿಲ್ಲ. ಹಿಂಬದಿಯ ಉದ್ದಕ್ಕೂ ಒಂದರ ಪಕ್ಕ ಒಂದು, ಐದು ಸಾಲು ತೂತುಗಳಿದ್ದವು.

"ಮೊದ್ಲು ಬಿಚ್ಚಿದ್ದು ಈ ಸಾಲು, ಹದಿನೈದು ವರ್ಷದ ಹಿಂದೆ. ಇದು ಅದರ ಮಾರನೇ ಯುಗಾದಿಗೆ. ಇದು ಗೌರಿ ಹಬ್ಬಕ್ಕೆ. ಬಟ್ಟೆ ಮುಗ್ದೋಯ್ತು, ಹೊಸದು ಹೊಲ್ದೆ. ಅದನ್ನೂ ಬಿಚ್ದೆ. ಚೀಟಿ ಮಾತ್ರ ಒಂದೇ ಹಾಕ್ದೆ." ಹೀಗೆ ಒಂದೊಂದೇ ಪ್ಯಾಂಟು ತಿರುಗಿಸಿ ತೋರಿಸಿದಳು. "ಈ ನಾಲ್ಕನ್ನ ಎರಡು ತಿಂಗಳಿಂದ ಬಿಗಿ ಮಾಡ್ದೋಳೂ ನಾನೇಯ. ನಿಮ್ಮಣ್ಣನ್ನ ಯಾವ ರೋಗಾನೂ ಊದುಸ್ಲಿಲ್ಲ ವಿಶಾಲಮ್ಮ. ಏಳ್ರೀ ಮೇಲೆ."

ಮಹಾದೇವಸ್ವಾಮಿ ಯಾಕೆ ಎದ್ದನೋ ಅವನಿಗೇ ತಿಳಿಯಲಿಲ್ಲ. ವಾಣಿ ಕೊರಳಲ್ಲಿದ್ದ ಟೇಪು ತೆಗೆದು ಅವನ ಸೊಂಟ ಬಳಸಿದಳು. "ನಲವತ್ತೆರಡೂವರೆ" ಅಂದಳು, ಕೊನೆಯಲ್ಲಿ ಕೂತವರಿಗೂ ಕೇಳುವ ಹಾಗೆ.

ಈ ಸಲ ಯಾರೂ ನಗಲಿಲ್ಲ. ಅವನು ಬಗ್ಗಿ ಒಂದು ಪ್ಯಾಂಟಿನ ಚೀಟಿ ಮುಟ್ಟಿ ನೋಡಿದ.

"ಮೊದ್ಲೇ ಯಾಕ್ ಯೋಳ್ನಿಲ್ಲ ನಂಗೆ? ಗೊತ್ತಿದ್ದಿದ್ರೆ ಈ ಸಕ್ರೆ ಕಾಯ್ಲೆನಾರ..."

ಆ ಮಾತು ಅವಳಿಗೆ ತಾಗಿತು. ಸುಳ್ಳಲ್ಲ, ಅವಳು ಮುಚ್ಚಿಟ್ಟದ್ದು ಅವನ ಹೊಟ್ಟೆಯನ್ನಷ್ಟೇ ಅಲ್ಲ, ಅದರೊಳಗೆ ಬೆಳೆಯುತ್ತಿದ್ದ ಕಾಯಿಲೆಯನ್ನೂ. ಆದರೆ ತಕ್ಕಡಿಯ ಮೇಲೆ ಕೈಮುಗಿದು ಕೂತಿದ್ದ ಆ ಹೊತ್ತು ಇನ್ನೂ ಅವಳ ಮೈಯಲ್ಲಿ ಬಿಸಿಯಾಗಿತ್ತು.

"ಹದಿನೈದು ವರ್ಷ ನಿಮ್ ಮರ್ಯಾದೆ ಕಾದೆ ಕಣ್ರೀ. ನಂದನ್ನ ನೀವು ಒಂದ್ ಪೂಜೆ ಮುಗಿಯೋಗಂಟ ಕಾಯ್ಲಿಲ್ಲ."

ವಿಶಾಲಮ್ಮ ತಲೆ ತಗ್ಗಿಸಿದಳು. ಟೆಂಪೋ ಊಟಕ್ಕೂ ನಿಲ್ಲದೆ ವಾಪಸಾಯಿತು.

ಎಲ್ಲರೂ ಹೋದ ಮೇಲೆ ಅವನು ಮೆಲ್ಲಗೆ ಬಂದು ಮಿಷನ್ ಪಕ್ಕ ನಿಂತ. "ನಾಳೆ ನರಸೀಪುರಕ್ಕೆ ಓಗ್ಬೇಕು. ಒಂದನ್ನಾರ ಬಿಚ್ಚಿ ಲೂಸ್ ಮಾಡ್ಕೊಡೆ."

"ನಿಮ್ ಪ್ಯಾಂಟಿಗೆ ಇನ್ನು ನಾನು ಸೂಜಿ ಮುಟ್ಸಲ್ಲ. ಅಂಗ್ಡೀಲಿ ತಗಳಿ."

ಮರುದಿನ ಬೆಳಿಗ್ಗೆ ಪಂಚೆ ಉಟ್ಟು ಅವನು ಪೇಟೆ ಬೀದಿಯ ರೆಡಿಮೇಡ್ ಅಂಗಡಿಗೆ ನಡೆದ. ವಾಣಿಯೂ ಹಿಂದೆಯೇ ಹೋದಳು. ಇದನ್ನು ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ಅವಳಿಗಿರಲಿಲ್ಲ. ಅಂಗಡಿಯಲ್ಲಿ ಏಳೆಂಟು ಜನವಿದ್ದರು. ಗಲ್ಲಾದ ಹತ್ತಿರ ಅವನಿಂದ ಪತ್ರ ಬರೆಸಿಕೊಂಡಿದ್ದ ಹುಲ್ಲಹಳ್ಳಿಯ ಬೆಟ್ಟಸ್ವಾಮಿ ಕೂಡ ನಿಂತಿದ್ದ.

"ಸೈಜ್ ಎಷ್ಟು ಸಾ?" ಕೌಂಟರಿನ ಹೆಂಗಸು ಕೇಳಿದಳು. ರೆಡಿಮೇಡಿನಲ್ಲಿ ಎರಡೆರಡು ಇಂಚಿಗೊಂದು ಸೈಜು, ಅರ್ಧದ ಲೆಕ್ಕವಿಲ್ಲ.

ಮಹಾದೇವಸ್ವಾಮಿ ಹೆಂಡತಿಯ ಕಡೆ ನೋಡಿದ. ಇಷ್ಟು ವರ್ಷ ಅವನ ಅಳತೆ ಅವಳಿಗೇ ಬಿಟ್ಟದ್ದಾಗಿತ್ತು. ವಾಣಿ ತೂಗುಹಾಕಿದ್ದ ಶರ್ಟುಗಳ ಕಡೆ ಮುಖ ತಿರುಗಿಸಿದಳು. ಅವನು ತುಟಿಯೊಳಗೇ ಏನೋ ಅಂದ.

"ಕೇಳುಸ್ಲಿಲ್ಲ ಸಾ, ಜೋರಾಗ್ ಹೇಳಿ."

ಬೆಟ್ಟಸ್ವಾಮಿ ಈ ಕಡೆ ತಿರುಗಿದ.

"ನಲವತ್ನಾಲ್ಕು ಕೊಡವ್ವಾ" ಅಂದ ಮಹಾದೇವಸ್ವಾಮಿ, ಎಲ್ಲರಿಗೂ ಕೇಳುವ ಹಾಗೆ.