ಕಡಲ ಮೇಲೊಂದು ಬಾಲ್ಕನಿ

ಶಾಂತಾದೇವಿಯ ಹೊಟ್ಟೆಕಿಚ್ಚಿಗೆ ಒಂದು ವಿಳಾಸವಿತ್ತು: ವಿಜಯನಗರ ಎರಡನೇ ಹಂತ, ನೀರಿನ ಟ್ಯಾಂಕಿನ ಹಿಂದಿನ ರಸ್ತೆ, ಮಹಡಿ ಮೇಲಿನ ಬಾಲ್ಕನಿ. ಅವಳ ವಾರಗಿತ್ತಿ ಪ್ರೇಮಲೀಲಾ ಸಂಜೆ ಹೊತ್ತು ಅಲ್ಲಿ ಬೆತ್ತದ ಸೋಫಾದಲ್ಲಿ ಕಾಲು ನೀಡಿ ಕೂರುತ್ತಾಳೆ ಎಂದು ನೆನಪಾದರೆ ಸಾಕು, ಮಂಡಿ ಮೊಹಲ್ಲಾದ ಅಡುಗೆಮನೆಯಲ್ಲಿ ಒಗ್ಗರಣೆ ಸೀದು ಹೋಗುತ್ತಿತ್ತು.

ಹಾಗೆಂದು ಆ ಬಾಲ್ಕನಿಯನ್ನು ಯಾರೂ ಶಾಂತಾದೇವಿಯಿಂದ ಕಿತ್ತುಕೊಂಡಿರಲಿಲ್ಲ. ಮನೆ ಪಾಲಾದಾಗ ಅವಳ ಗಂಡ ಏಕಾಂತಯ್ಯ ಹಿರಿಯನೆಂದು ಹಳೇ ಮನೆಯೂ ಅದರ ಮುಂದಿನ ಪೇಂಟ್ ಅಂಗಡಿಯೂ ಅವನಿಗೇ ಬಂದವು. ಅತ್ತೆಯೂ ಅಲ್ಲೇ ಉಳಿದರು. ಮೈದುನ ಸಿದ್ದಲಿಂಗಸ್ವಾಮಿಗೆ ಸಿಕ್ಕಿದ್ದು ಊರಾಚೆ ಒಂದು ಖಾಲಿ ಸೈಟು, ಹೊಸ ಅಂಗಡಿ ಹಾಕಲು ಒಂದಿಷ್ಟು ಸರಕು. "ನರಿ ಊಳಿಡೋ ಜಾಗ ಕಣ್ರೀ ಅದು" ಎಂದು ಶಾಂತಾದೇವಿ ಆಗ ಗಂಡನ ಕಿವಿಯಲ್ಲಿ ಹೇಳಿ ನಕ್ಕಿದ್ದಳು. ನೋಡನೋಡುತ್ತ ನರಿ ಹೋಗಿ ಬಡಾವಣೆ ಬಂತು, ಸೈಟಿನ ಮೇಲೆ ಮನೆ ಬಂತು, ಮನೆಗೊಂದು ಬಾಲ್ಕನಿಯೂ ಬಂತು. ಇತ್ತ ಹಳೇ ಮನೆಯ ಕಿಟಕಿ ತೆರೆದರೆ ಕಾಣುವುದು ಪಕ್ಕದ ಮೆಣಸಿನಕಾಯಿ ಗೋದಾಮಿನ ಗೋಡೆ. ಅಪ್ಪಿತಪ್ಪಿ ಗಾಳಿ ಬೀಸಿದರೆ ಮನೆಮಂದಿಯೆಲ್ಲ ಸೀನುತ್ತಿದ್ದರು.

ಶಾಂತಾದೇವಿ ಕೆಟ್ಟವಳೆಂದು ತಿಳಿಯಬೇಡಿ. ಅತ್ತೆಯ ಕಾಲು ಒತ್ತುತ್ತಿದ್ದಳು, ಮಠದ ದಾಸೋಹಕ್ಕೆ ಹೋಗಿ ರೊಟ್ಟಿ ತಟ್ಟುತ್ತಿದ್ದಳು, ಬಂದವರನ್ನು ಉಣ್ಣಿಸದೆ ಕಳಿಸಿದವಳಲ್ಲ. ಅವಳಿಗೆ ಬೇಕಾಗಿದ್ದದ್ದೂ ಹೆಚ್ಚೇನಲ್ಲ. ಒಂದೇ ಒಂದು ಸಲ, ಸಾಯುವುದರೊಳಗೆ, ಪ್ರೇಮಲೀಲಾ ತನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳಬೇಕು. ಹಬ್ಬಕ್ಕೆ ಅತ್ತೆ ಎರಡು ಸೀರೆ ತಂದಿಟ್ಟರೆ ಹಿರಿಸೊಸೆಯೇ ಮೊದಲು ಆರಿಸಬೇಕೆನ್ನುವುದು ಆ ಮನೆಯ ಪದ್ಧತಿ. ಶಾಂತಾದೇವಿ ಎರಡನ್ನೂ ಬಿಡಿಸಿ, ಅಂಚು ನೋಡಿ, ಬೆಳಕಿಗೆ ಹಿಡಿದು ಆರಿಸುತ್ತಿದ್ದಳು. ಉಳಿದದ್ದನ್ನು ಉಟ್ಟು ಪ್ರೇಮಲೀಲಾ ಹೊರಗೆ ಬಂದಳೋ ಇಲ್ಲವೋ, ಅಯ್ಯೋ ಅದನ್ನೇ ತೆಗೆದುಕೊಳ್ಳಬೇಕಿತ್ತು ಎಂದು ಇವಳ ಜೀವ ಚುರುಗುಟ್ಟುತ್ತಿತ್ತು.

ಎರಡು ಸಾವಿರದ ಐದರಲ್ಲಿ ಪೇಂಟ್ ಕಂಪನಿಯೊಂದು ಡೀಲರುಗಳಿಗೆ ಸ್ಕೀಮ್ ಹಾಕಿತು. ಟಾರ್ಗೆಟ್ ಮುಟ್ಟಿದವರಿಗೆ ಹೆಂಡತಿ ಸಮೇತ ಸಿಂಗಪುರ, ಅಲ್ಲಿಂದ ದೊಡ್ಡ ಹಡಗಿನಲ್ಲಿ ಕ್ರೂಸ್. ಅಣ್ಣ ತಮ್ಮ ಇಬ್ಬರೂ ಟಾರ್ಗೆಟ್ ಮುಟ್ಟಿದರು. ಟ್ರಾವೆಲ್ಸಿನ ಪ್ರಿನ್ಸ್ ಎಂಬ ಮಾತುಗಾರ ಮೈಸೂರಿನ ಡೀಲರುಗಳನ್ನೆಲ್ಲ ಒಂದು ಹೋಟೆಲಿಗೆ ಕರೆದು ಹಡಗಿನ ಚಿತ್ರ ತೋರಿಸಿದ.

"ಕಂಪನಿ ಕೊಡೋದು ಒಳಗಡೆ ಕ್ಯಾಬಿನ್ನು ಸಾರ್. ಕಿಟಕಿ ಇರಲ್ಲ, ಬಾಕಿ ಎಲ್ಲಾ ಇರುತ್ತೆ. ಬಾಲ್ಕನಿ ಇರೋದು ಬೇಕಂದ್ರೆ ಮೇಲಿನ ದುಡ್ಡು ನೀವೇ ಹಾಕ್ಕೋಬೇಕು. ನಮ್ಮ ಗ್ರೂಪಿಗೆ ಅಂತ ಅಂಥದ್ದು ಒಂದೇ ಒಂದು ಇಟ್ಟಿದಾರೆ."

"ಅದು ನಮಗಿರಲಿ ಪ್ರಿನ್ಸ್. ನಾಳೆ ಫೋನ್ ಮಾಡ್ಸಿ, ಖಾತ್ರಿ ಹೇಳ್ತೀನಿ" ಎಂದ ಸಿದ್ದಲಿಂಗಸ್ವಾಮಿ, ಮಸಾಲೆ ದೋಸೆಗೆ ಇನ್ನೊಂದು ಚಟ್ನಿ ಕೇಳುವಷ್ಟು ಸಲೀಸಾಗಿ. ಶಾಂತಾದೇವಿಗೆ ಬಾಯಲ್ಲಿದ್ದ ಜಾಮೂನು ಕಹಿಯಾಯಿತು. ನೆಲದ ಮೇಲೆ ಒಂದು ಬಾಲ್ಕನಿ ಇದ್ದದ್ದು ಸಾಲದೆ ನೀರಿನ ಮೇಲೂ ಒಂದು ಬೇಕೇ ಇವಳಿಗೆ?

ಆಟೋದಲ್ಲೇ ಶುರುವಾಯಿತು. "ನಾವು ಮೊದಲು ಕೇಳ್ಬೇಕಿತ್ತು ಕಣ್ರೀ. ಹಿರಿಯರು ನಾವು."

"ಯಾಕೆ ಕೇಳ್ಬೇಕು? ಕ್ಯಾಬಿನ್ನಿಗೆ ಹೋಗೋದು ಮಲಗೋಕೆ. ಕಣ್ಣು ಮುಚ್ಚಿದ ಮೇಲೆ ಬಾಲ್ಕನಿ ಇದ್ರೇನು, ಗೋಡೆ ಇದ್ರೇನು? ಸಮುದ್ರ ನೋಡ್ಬೇಕಾ, ಡೆಕ್ ಮೇಲೆ ಹೋಗಿ ನೋಡು. ಅಲ್ಲೂ ಅದೇ ನೀರು" ಎಂದ ಏಕಾಂತಯ್ಯ.

"ಲಿಂಗಪೂಜೆಗೆ ಬೆಳಕು ಬೇಡ್ವಾ? ಡಬ್ಬಿಯೊಳಗೆ ಕೂತು ಪೂಜೆ ಮಾಡ್ಲಾ?"

"ಇಷ್ಟು ವರ್ಷ ಮೆಣಸಿನಕಾಯಿ ಗೋಡೆ ನೋಡ್ಕೊಂಡು ಮಾಡಿಲ್ವೇನೇ? ಶಿವ ಏನಾದ್ರೂ ತಕರಾರು ತೆಗೆದನಾ?"

ಮಾತಿಗೆ ಸಿಕ್ಕದ ಗಂಡನನ್ನು ಕಟ್ಟಿಕೊಂಡರೆ ಹೀಗೇ.

ಈಗ ಆ ಎರಡು ಅಂಗಡಿಗಳ ಹೆಸರಿನ ಸಂಗತಿ ಹೇಳಬೇಕು. ಪಾಲಿನ ದಿನ ಅತ್ತೆ ಒಂದೇ ಮಾತು ಹೇಳಿದ್ದರು: ಅಂಗಡಿ ಪಾಲಾಗಲಿ, ದೇವರ ಹೆಸರು ಪಾಲಾಗುವುದು ಬೇಡ. ಹಾಗಾಗಿ ಮಂಡಿ ಮೊಹಲ್ಲಾದಲ್ಲೂ ಶ್ರೀ ರೇವಣಸಿದ್ಧೇಶ್ವರ ಪೇಂಟ್ಸ್, ವಿಜಯನಗರದಲ್ಲೂ ಶ್ರೀ ರೇವಣಸಿದ್ಧೇಶ್ವರ ಪೇಂಟ್ಸ್. ಅಲ್ಲಿಗೆ ಹೋಗಬೇಕಾದ ಡಬ್ಬಗಳು ಇಲ್ಲಿ ಇಳಿಯುತ್ತಿದ್ದವು, ಇಲ್ಲಿಯ ಗಿರಾಕಿಯ ಫೋನು ಅಲ್ಲಿ ಮೊಳಗುತ್ತಿತ್ತು. ತಪ್ಪಿ ಬಂದದ್ದನ್ನು ಅವತ್ತೇ ದಾಟಿಸಬೇಕು ಎನ್ನುವುದು ಎರಡೂ ಮನೆಯವರು ದೇವರಾಣೆಯಂತೆ ನಡೆಸಿಕೊಂಡು ಬಂದ ನೇಮ. ಎಷ್ಟು ಮುಖ ಗಂಟಿಕ್ಕಿಕೊಂಡಿದ್ದಾಗಲೂ ಶಾಂತಾದೇವಿ ಅದನ್ನು ಮುರಿದವಳಲ್ಲ.

ಮರುದಿನ ಮಧ್ಯಾಹ್ನ ಮನೆಯ ಫೋನು ಹೊಡೆದುಕೊಂಡಿತು. ಯಾವಳೋ ಹುಡುಗಿ. "ರೇವಣಸಿದ್ಧೇಶ್ವರ ಪೇಂಟ್ಸ್ ಅವರ ಮನೇನಾ ಮೇಡಂ? ಪ್ರಿನ್ಸ್ ಸಾರ್ ಆಫೀಸಿಂದ. ಆ ಬಾಲ್ಕನಿ ಕ್ಯಾಬಿನ್ ಖಾತ್ರಿ ಮಾಡ್ಕೊಳ್ಲಾ?"

ಅದು ನಮ್ಮ ಮೈದುನನ ಮನೆಗೆ ಕಣಮ್ಮ, ನಂಬರ್ ಬರ್ಕೊ. ಈ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಶಾಂತಾದೇವಿ ಅದನ್ನು ನುಂಗಿದಳು. ಒಳಗೆ ಅತ್ತೆ ನಿದ್ದೆ ಹೋಗಿದ್ದರು.

"ಮಾಡ್ಕೊಳ್ಳಿ."

"ಯಾರ ಹೆಸರಿಗೆ ಮೇಡಂ?"

"ಏಕಾಂತಯ್ಯ" ಎಂದಳು. ಗಂಡನ ಹೆಸರನ್ನು ಅಷ್ಟು ಗಟ್ಟಿಯಾಗಿ ಅವಳು ಮದುವೆಯಲ್ಲೂ ಹೇಳಿರಲಿಲ್ಲ.

ಗಂಡನ ಮುಂದೆ, ಅದು ಮಿಕ್ಕಿತ್ತಂತೆ, ನಮಗೇ ಕೊಟ್ಟರು ಎಂದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಅವನು ಗೊಣಗಿದ, ಗೊಣಗುತ್ತಲೇ ಮೇಲಿನ ದುಡ್ಡು ಕಟ್ಟಿದ. ಅವಳು ಅಳುಕಿದ್ದು ಭಾನುವಾರ ಪ್ರೇಮಲೀಲಾ ಅತ್ತೆಯನ್ನು ನೋಡಲು ಬಂದಾಗ. ಇನ್ನೇನು ಜಗಳ, ಇಲ್ಲ ಅಳು, ಕೊನೆಗೊಂದು ಚುಚ್ಚುಮಾತಾದರೂ ಬರುತ್ತದೆ ಎಂದು ಕಾದಳು.

"ಬಾಲ್ಕನಿ ನಿಮಗಾಯ್ತಂತಲ್ಲ ಅಕ್ಕ. ಒಳ್ಳೇದಾಯ್ತು ಬುಡಿ" ಎಂದಳು ಪ್ರೇಮಲೀಲಾ, ಕಾಫಿ ಕುಡಿಯುತ್ತ. ಮುಖದ ಮೇಲೆ ಒಂದು ಗೆರೆ ಅಲುಗಲಿಲ್ಲ. ಎಂಥಾ ನಟನೆ, ಎಂಥಾ ಗಟ್ಟಿಗಿತ್ತಿ ಎಂದುಕೊಂಡಳು ಶಾಂತಾದೇವಿ. ಇರಲಿ, ಹಡಗಿನಲ್ಲಿ ಕಣ್ಣಾರೆ ಕಂಡಾಗ ಗೊತ್ತಾಗುತ್ತದೆ.

ಹಡಗು ಊರಿನಷ್ಟು ದೊಡ್ಡದಿತ್ತು. ಮೈಸೂರಿನವರಿಗೆಲ್ಲ ಕೆಳಗಿನ ಅಂತಸ್ತಿನಲ್ಲಿ ಒಂದೇ ಓಣಿಯ ಎರಡೂ ಬದಿ ಕ್ಯಾಬಿನ್ನು. ಲಿಫ್ಟಿನಲ್ಲಿ ಅವರೆಲ್ಲ ಗದ್ದಲ ಮಾಡುತ್ತ ಇಳಿದುಹೋದರು. ಏಕಾಂತಯ್ಯ ದಂಪತಿ ಮಾತ್ರ ಮೇಲಕ್ಕೆ ಹೋದರು. ಬಾಗಿಲು ತೆಗೆದರೆ ಮೆತ್ತನೆಯ ಮಂಚ, ಗಾಜಿನ ಬಾಗಿಲು, ಅದರಾಚೆ ಪುಟ್ಟ ಬಾಲ್ಕನಿ, ಎರಡು ಕುರ್ಚಿ, ಅದರಾಚೆ ಬರೀ ನೀರು. ಶಾಂತಾದೇವಿಗೆ ಕಣ್ಣು ತುಂಬಿ ಬಂತು. ಸುಳ್ಳಲ್ಲ, ಚೆನ್ನಾಗಿತ್ತು. ಅವಳು ಕಂಬಿ ಹಿಡಿದು ನಿಂತು ಗಾಳಿ ಕುಡಿದಳು. ಮೆಣಸಿನಕಾಯಿಯ ಘಾಟಿಲ್ಲದ ಗಾಳಿ.

ಮರುದಿನ ಬೆಳಿಗ್ಗೆ, ಪೂಜೆಗೆ ಬೆಳಕು ಬೇಕೆಂದು ಗಂಡನಿಗೆ ಆಡಿದ ಮಾತಿಗೆ ತಪ್ಪಬಾರದೆಂದು, ಬಾಲ್ಕನಿಯಲ್ಲೇ ಮಣೆಯಿಲ್ಲದೆ ಟವೆಲ್ ಹಾಸಿಕೊಂಡು ಪೂಜೆಗೆ ಕೂತಳು. ಎಡಗೈಯಲ್ಲಿ ಇಷ್ಟಲಿಂಗ. ವಿಭೂತಿ ಧರಿಸಲು ಹೋದರೆ ಅದು ಗಾಳಿಗೆ ಕಣ್ಣು ಸೇರಿತು. ಮೈಸೂರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಬಿಲ್ವಪತ್ರೆ ಲಿಂಗದ ತಲೆಯ ಮೇಲಿಂದ ಹಾರಿ ಕಂಬಿ ದಾಟಿ ಹೋಯಿತು. ಒಳಗಿನಿಂದ ನೋಡುತ್ತಿದ್ದ ಏಕಾಂತಯ್ಯ ನಕ್ಕು ನಕ್ಕು ಮಂಚದ ಮೇಲೆ ಉರುಳಿದ. ಆಮೇಲೆ ಅಂಗಿ ತೊಟ್ಟುಕೊಂಡು, "ತಮ್ಮನ ಹತ್ರ ಇಸ್ಪೀಟಿಗೆ ಹೋಗ್ತೀನಿ, ನೀನು ನಿನ್ನ ಸಮುದ್ರ ಕಾಯ್ತಿರು" ಎಂದು ಹೋಗಿಬಿಟ್ಟ.

ಅವಳು ಕಾದಳು. ಇಷ್ಟು ಮಾಡಿ ದಕ್ಕಿಸಿಕೊಂಡದ್ದನ್ನು ಬಿಟ್ಟು ಎದ್ದುಹೋದರೆ ನಷ್ಟವಲ್ಲವೇ? ಆ ಕುರ್ಚಿಯಲ್ಲಿ ಕೂತಳು, ಈ ಕುರ್ಚಿಯಲ್ಲಿ ಕೂತಳು. ನೀರು ನೀಲಿಯಾಗಿತ್ತು, ಆಮೇಲೂ ನೀಲಿಯಾಗಿಯೇ ಇತ್ತು. ಚೆನ್ನಾಗಿದೆ ಅಲ್ವಾ ಎಂದು ಹೇಳಲು ಪಕ್ಕದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕಡೆಗೆ ತಡೆಯಲಾರದೆ ಮಧ್ಯಾಹ್ನದ ಊಟದ ಮೇಲೆ ಕೆಳಗಿನ ಓಣಿಗೆ ಹೋದಳು. ನೋಡುತ್ತಾಳೆ, ಓಣಿಗೆ ಓಣಿಯೇ ವಠಾರವಾಗಿದೆ! ಎಲ್ಲರ ಬಾಗಿಲೂ ತೆರೆದಿವೆ. ಒಬ್ಬಳ ನಿಪ್ಪಟ್ಟು ಇನ್ನೊಬ್ಬಳ ಕೈಯಲ್ಲಿ, ಇವಳ ಚಟ್ನಿಪುಡಿ ಅವಳ ಬ್ರೆಡ್ಡಿನ ಮೇಲೆ. ಪ್ರೇಮಲೀಲಾಳ ಕಿಟಕಿಯಿಲ್ಲದ ಕ್ಯಾಬಿನ್ನಿನಲ್ಲಿ ಹೆಂಗಸರು ಮೂಟೆ ಜೋಡಿಸಿದಂತೆ ಕೂತಿದ್ದರು. ನಂಜನಗೂಡಿನ ಡೀಲರನ ಹೆಂಡತಿ ಚೆಲುವಮ್ಮ ಯಾರನ್ನೋ ಅಣಕಿಸುತ್ತಿದ್ದಳು. ಇನ್ನೊಬ್ಬ ಡೀಲರನ ಹೆಂಡತಿ ಲೂರ್ದುಮೇರಿ ನಗು ತಾಳಲಾರದೆ ಪ್ರೇಮಲೀಲಾಳ ಭುಜಕ್ಕೆ ಒರಗಿದ್ದಳು.

ಶಾಂತಾದೇವಿಗೆ ಮೈ ಉರಿಯಿತು. ಬಾಲ್ಕನಿ ಕಳೆದುಕೊಂಡವಳು ಅಳಬೇಕಲ್ಲವೇ, ನಗುವುದೆಂದರೇನು? "ಬನ್ರೇ ಎಲ್ಲಾ, ನಮ್ಮ ಬಾಲ್ಕನಿ ನೋಡೋರಂತೆ" ಎಂದು ದನಿ ಎತ್ತರಿಸಿ ಕರೆದಳು.

ಎಲ್ಲರೂ ಬಂದರು. ಅಯ್ಯೋ ಎಷ್ಟು ಚೆನ್ನಾಗಿದೆ ಎಂದರು, ಸರದಿಯ ಮೇಲೆ ಕಂಬಿ ಹಿಡಿದು ಫೋಟೋ ತೆಗೆಸಿಕೊಂಡರು, ತಲೆಗೂದಲು ಕೆದರಿತೆಂದು ಒಳಗೆ ಬಂದರು, ಹೋದರು. ಪ್ರೇಮಲೀಲಾ ಮಾತ್ರ ಹಿಂದೆ ಉಳಿದಳು. ಈಗ ಎಂದುಕೊಂಡಳು ಶಾಂತಾದೇವಿ. ಅವಳ ಮುಖವನ್ನೇ ದಿಟ್ಟಿಸಿ ಕೇಳಿದಳು: "ನಿಜ ಹೇಳು ಪ್ರೇಮ. ಇದು ತಪ್ಪಿಹೋಯ್ತಲ್ಲ ಅಂತ ನಿಂಗೆ ಸಂಕಟ ಆಗ್ತಿಲ್ವಾ?"

ಪ್ರೇಮಲೀಲಾ ಕಂಬಿಯ ಮೇಲೆ ಕೈಯಿಟ್ಟಳು. "ಪ್ರಿನ್ಸ್ ಅವತ್ತೇ ಸಂಜೆ ಫೋನ್ ಮಾಡಿದ್ದ ಅಕ್ಕ. ಹುಡುಗಿ ತಪ್ಪಿ ನಿಮ್ಮ ದೊಡ್ಡ ಮನೆಗೆ ಮಾಡ್ಬುಟ್ಟಿದಾಳೆ, ಸರಿ ಮಾಡ್ಲಾ ಅಂದ. ನಾನೇ ಬೇಡ ಅಂದೆ. ಇವರಿಗೂ ಹೇಳಿಲ್ಲ, ಅದು ಸಿಗಲಿಲ್ಲವಂತೆ ಅಂದೆ ಅಷ್ಟೆ."

ಶಾಂತಾದೇವಿಯ ಕಿವಿ ಕಾದವು. ನೆಲ ಬಾಯಿಬಿಡಬಾರದೇ ಎಂದುಕೊಳ್ಳಲು ಅಲ್ಲಿ ನೆಲವೂ ಇರಲಿಲ್ಲ. "ಯಾಕೆ ಬೇಡ ಅಂದೆ?" ಎಂದಳು.

"ಬಾಲ್ಕನಿ ಬೇಕು ಅಂದಿದ್ದು ಇವರು. ನಂಗೇನಕ್ಕಾ ಅದರಿಂದ? ದಿನಾ ಅಲ್ಲೇ ಕೂತಿರ್ತೀನಲ್ಲ. ಸೊಪ್ಪಿನೋನು ಹೋದ, ಯಾರ್ದೋ ಸ್ಕೂಟರು ಹೋಯ್ತು. ಗೇಟ್ ಸದ್ದಾಯ್ತು ಅಂತ ಬಗ್ಗಿ ನೋಡಿದ್ರೆ ಪಕ್ಕದ ಮನೇದು. ಇಲ್ಲಿಗೆ ಬಂದೂ ಒಬ್ಬಳೇ ಕೂತ್ಕೊಂಡು ನೀರು ನೋಡ್ಲಾ?" ಎಂದವಳು ನಕ್ಕಂತೆ ಮಾಡಿ ಹೇಳಿದಳು. "ಸಂಕಟ ಕೇಳಿದ್ರಲ್ಲ, ಹೇಳ್ತೀನಿ ಕೇಳಿ. ನಿಮ್ಮನ್ನ ನೋಡಿದ್ರೆ ನನ್ ಹೊಟ್ಟೆ ಉರಿಯುತ್ತೆ ಕಣಕ್ಕ. ಪಾಲಾದಾಗಿನಿಂದ ಉರೀತಿದೆ. ಆ ಮನೇಲಿ ಯಾವಾಗ್ಲೂ ಜನ. ಅತ್ತೆ ಕೆಮ್ಮಿದ್ರೂ ಶಾಂತಾ ಅಂತಾರೆ. ಮೊದಲು ನಿಮ್ಮ ಲೋಟದಿಂದಲೇ ಅರ್ಧ ಬಗ್ಗಿಸ್ಕೊಂಡು ಕಾಫಿ ಕುಡೀತಿದ್ದೆ. ಈಗ ನಾನು ಬಂದ್ರೆ ಪಿಂಗಾಣಿ ಕಪ್ಪು ತೆಗೀತೀರಿ."

ಆ ಕಪ್ಪುಗಳನ್ನು ಶಾಂತಾದೇವಿ ದೇವರಾಜ ಮಾರುಕಟ್ಟೆಯ ಹತ್ತಿರ ಹುಡುಕಿ ಹುಡುಕಿ ತಂದಿದ್ದಳು, ವಿಜಯನಗರದವಳ ಮುಂದೆ ನಮ್ಮದೇನು ಕಡಿಮೆಯಲ್ಲ ಎಂದು ತೋರಿಸಲು. ಇಷ್ಟು ವರ್ಷ ದೇವರಲ್ಲಿ ಬೇಡಿದ ಉರಿ ಇಷ್ಟು ವರ್ಷವೂ ಆ ಹೊಟ್ಟೆಯಲ್ಲಿ ಉರಿಯುತ್ತಲೇ ಇತ್ತಲ್ಲ! ಸಂತೋಷವಾಗಬೇಕಿತ್ತು. ತಾನು ಹೊತ್ತು ಹೊತ್ತಿಗೂ ಶಪಿಸಿದ ಮನೆಗಾಗಿ ಇವಳು ಅಲ್ಲಿ ಕೂತು ಕೊರಗುತ್ತಿದ್ದಳು ಎಂದರೆ ಅದನ್ನು ಎಲ್ಲಿಟ್ಟುಕೊಂಡು ಸಂತೋಷ ಪಡುವುದು ಎಂದು ತಿಳಿಯಲಿಲ್ಲ.

"ಕೆಳಗೆ ಚುರುಮುರಿ ಕಲಸ್ತಿದಾರೆ. ಬನ್ನಿ ಅಕ್ಕ ನೀವೂ" ಎಂದು ಕರೆದು ಪ್ರೇಮಲೀಲಾ ಹೋದಳು.

ಶಾಂತಾದೇವಿ ಗಾಜಿನ ಬಾಗಿಲು ಎಳೆದು, ಸೆರಗು ಸರಿಮಾಡಿಕೊಂಡು ಕೆಳಗಿಳಿದಳು. ಪ್ರೇಮಲೀಲಾಳ ಮಂಚದ ಮೇಲೆ ಎಲ್ಲರೂ ಕಾಲು ಮಡಚಿ ಒತ್ತೊತ್ತಾಗಿ ಕೂತಿದ್ದರು. ನಡುವೆ ಒಂದೇ ಪಾತ್ರೆ, ಅದರೊಳಗೆ ಎಲ್ಲರ ಕೈ. ಪ್ರೇಮಲೀಲಾಳಿಗೂ ಗೋಡೆಗೂ ನಡುವೆ ಒಬ್ಬರು ತೂರಿಕೊಳ್ಳುವಷ್ಟು ಜಾಗವಿತ್ತು. ಶಾಂತಾದೇವಿಯ ಕಣ್ಣು ಅಲ್ಲೇ ನೆಟ್ಟಿತು.

"ಅಯ್ಯೋ, ಬಾಲ್ಕನಿ ಅಕ್ಕ ಬಂದ್ರು ಕಣ್ರೇ! ಕುರ್ಚಿ ಬಿಡ್ಸಿ, ಕುರ್ಚಿ ಬಿಡ್ಸಿ" ಎಂದಳು ಚೆಲುವಮ್ಮ.

ಕನ್ನಡಿಯ ಮುಂದಿದ್ದ ಒಂದೇ ಕುರ್ಚಿಯ ಮೇಲಿನ ಟವೆಲುಗಳನ್ನು ಯಾರೋ ಎತ್ತಿದರು. ಪ್ರೇಮಲೀಲಾ ಎದ್ದು ಸೆರಗಿನಿಂದ ಅದನ್ನು ಒರೆಸಿದಳು. ಲೂರ್ದುಮೇರಿ ಒಂದು ಪೇಪರ್ ತಟ್ಟೆಗೆ ಬೇರೆಯಾಗಿ ಚುರುಮುರಿ ಹಾಕಿ, ಚಮಚ ಇಟ್ಟು, ಎರಡೂ ಕೈಯಿಂದ ಕೊಟ್ಟಳು.

"ನಾನೂ ಅಲ್ಲೇ ಕೂರ್ತೀನಿ" ಎಂದಳು ಶಾಂತಾದೇವಿ. ಅಷ್ಟರಲ್ಲಿ ಚೆಲುವಮ್ಮ ಮತ್ತೇನೋ ಅಂದು ಮಂಚವೆಲ್ಲ ನಗುತ್ತಿತ್ತು, ಯಾರಿಗೂ ಕೇಳಿಸಲಿಲ್ಲ. ಪ್ರೇಮಲೀಲಾ ಹೋಗಿ ಗೋಡೆಯ ಪಕ್ಕದ ಜಾಗಕ್ಕೆ ಸರಿದು ಕೂತಳು.

ಶಾಂತಾದೇವಿ ತಟ್ಟೆ ಹಿಡಿದುಕೊಂಡು ಕುರ್ಚಿಯ ಮೇಲೆ ಕೂತಳು.